ಹೋಬಳಿ ಕೂಟಕ್ಕೆ ಆರು ವಾರ: ಹೆಣ್ಣುಮಕ್ಕಳ ಮಂಡಿ, ಆಂಕಲ್ ಕಾಪಾಡುವ ಅಭ್ಯಾಸ ಹೇಗಿರಬೇಕು?

ಯಗಚಿ ತೀರ (ಬೇಲೂರು ತಾಲ್ಲೂಕು, ದೈಹಿಕ ಶಿಕ್ಷಕಿ)

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯ ಹೆಣ್ಣುಮಕ್ಕಳ ಕಬಡ್ಡಿ, ಖೋ ಖೋ ತಂಡಗಳ ಬಗ್ಗೆ ಸಲಹೆ ಬೇಕು. ವಯಸ್ಸು 13ರಿಂದ 16. ಹೋಬಳಿ ಕ್ರೀಡಾಕೂಟಕ್ಕೆ ಇನ್ನು ಆರು ವಾರ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ 25 ನಿಮಿಷ, ಸಂಜೆ ಬಸ್ಸಿನ ಹೊತ್ತಿನವರೆಗೆ 40 ನಿಮಿಷ ಸಿಗುತ್ತದೆ. ಗರಸು ಮಣ್ಣಿನ ಅಂಕಣ. ಮಳೆ ಹಿಡಿದರೆ ವರಾಂಡದ ಸಿಮೆಂಟ್ ನೆಲ. ಜಿಮ್ ಇಲ್ಲ, ಡಂಬೆಲ್ ಇಲ್ಲ. ತಂಡ ಜಿಲ್ಲಾ ಮಟ್ಟಕ್ಕೆ ಹೋದರೆ ಮ್ಯಾಟ್ ಮೇಲೆ ಆಡಬೇಕಾಗಬಹುದು.

ಕೇಳಬೇಕಿರುವುದು ಇಷ್ಟು. ಎರಡು ಸುತ್ತು ಓಟ, ಕೈಕಾಲು ಎಳೆದುಕೊಳ್ಳುವುದು, ಆಮೇಲೆ ನೇರ ಆಟ ಎನ್ನುವ ವಾಡಿಕೆ ಸಾಕೇ? ಸಾಲದಿದ್ದರೆ ಆ 25 ನಿಮಿಷವನ್ನು ಹೇಗೆ ಹಂಚಬೇಕು? ಮಣ್ಣಿನಿಂದ ಮ್ಯಾಟ್‌ಗೆ ಹೋಗುವಾಗ ಏನು ಎಚ್ಚರಿಕೆ?

ಹೇಮಾವತಿ ಫಿಸಿಯೋ (ಹಾಸನ)

ಮೇಡಂ, ಎರಡು ಸುತ್ತು ಓಟದಿಂದ ಮೈ ಬಿಸಿಯಾಗುತ್ತದೆ, ಅಷ್ಟೇ. ಓಡುತ್ತಿದ್ದವರು ಫಕ್ಕನೆ ನಿಂತು ತಿರುಗುವಾಗ, ಇಲ್ಲವೇ ಒಂಟಿ ಕಾಲಿನ ಮೇಲೆ ನೆಲಕ್ಕಿಳಿಯುವಾಗ ಮಂಡಿ ಹೋಗುತ್ತದೆ. ಎಸಿಎಲ್ ಎನ್ನುವುದು ಮಂಡಿಯೊಳಗಿನ ಅಸ್ಥಿರಜ್ಜು. ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಚಿಕೊಳ್ಳದಂತೆ ಹಿಡಿದಿಡುವುದು ಅದರ ಕೆಲಸ. ಅದು ಹರಿಯುವ ಎಷ್ಟೋ ಪ್ರಕರಣಗಳಲ್ಲಿ ಮಂಡಿಗೆ ಯಾರ ಪೆಟ್ಟೂ ಬಿದ್ದಿರುವುದಿಲ್ಲ. ಪಾದ ನೆಲಕ್ಕೆ ತಾಗಿದ ಸುಮಾರು 40 ಮಿಲಿಸೆಕೆಂಡಿನ ಆಸುಪಾಸಿನಲ್ಲೇ ಹರಿದಿರುತ್ತದೆ. ಮಂಡಿ ಒಳಕ್ಕೆ ವಾಲುತ್ತಿದೆ ಎಂದು ಗೊತ್ತಾಗಿ ಸ್ನಾಯು ಅದನ್ನು ಎಳೆದು ನಿಲ್ಲಿಸುವುದಕ್ಕೆ ಅಷ್ಟು ಸಮಯ ಸಾಲದು. ಹಾಗಾಗಿ ಪಾದ ನೆಲ ಮುಟ್ಟುವ ಮೊದಲೇ ಸೊಂಟ, ಮಂಡಿ, ಪಾದ ಸರಿಯಾದ ಸಾಲಿನಲ್ಲಿರಬೇಕು. ಇದನ್ನು ಕ್ಯಾಚ್ ಹಿಡಿಯುವುದನ್ನೋ ಟೋ ಟಚ್ ಮಾಡುವುದನ್ನೋ ಕಲಿಸುವ ಹಾಗೆಯೇ ಬಿಡಿಸಿ ಬಿಡಿಸಿ ಕಲಿಸಬೇಕು.

ಓಡಿ, ನಿಂತು, ತಿರುಗುವ ಆಟಗಳಲ್ಲಿ ಹೆಣ್ಣುಮಕ್ಕಳಿಗೆ ಎಸಿಎಲ್ ಗಾಯ ಗಂಡುಮಕ್ಕಳಿಗಿಂತ ಎರಡು ಮೂರು ಪಟ್ಟು ಹೆಚ್ಚು. ಪ್ರೌಢಾವಸ್ಥೆಯಲ್ಲಿ ಎತ್ತರ, ತೂಕ ಬೇಗ ಏರುತ್ತವೆ, ಸೊಂಟದ ಮತ್ತು ತೊಡೆಯ ಹಿಂಭಾಗದ ಬಲ ಅದೇ ವೇಗದಲ್ಲಿ ಏರುವುದಿಲ್ಲ. ನಿಮ್ಮ ತಂಡ ಸರಿಯಾಗಿ ಆ ವಯಸ್ಸಿನಲ್ಲೇ ಇದೆ.

ಮೊದಲ ದಿನ ಪ್ರತಿ ಹುಡುಗಿಯ ಇಳಿತ ನೋಡಿಕೊಳ್ಳಿ. ಶಾಲೆಯ ಎರಡು ಮೆಟ್ಟಿಲಿನ ಎತ್ತರ, ಅಂದರೆ 30 ಸೆಂ.ಮೀ. ಸಾಕು. ಅಲ್ಲಿಂದ ಎರಡೂ ಕಾಲಿನ ಮೇಲೆ ಇಳಿದು ಕೂಡಲೇ ಮೇಲಕ್ಕೆ ನೆಗೆಯಲಿ. ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ಫೋನಿನ ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ಮಂಡಿಗಳು ಹತ್ತಿರ ಬರುತ್ತಿವೆಯೇ, ಮಂಡಿ ಬಗ್ಗದೆ ಕೋಲಿನಂತೆ ಇಳಿಯುತ್ತಿದ್ದಾಳೆಯೇ, ಒಂದು ಕಾಲು ಮೊದಲು ತಾಗುತ್ತಿದೆಯೇ, ಮೈ ಒಂದು ಪಕ್ಕಕ್ಕೆ ವಾಲುತ್ತಿದೆಯೇ ಎಂದು ನೋಡಿ. ಕಿವಿಯೂ ಕೆಲಸಕ್ಕೆ ಬರುತ್ತದೆ. 'ಧಪ್' ಎಂದು ಸದ್ದು ಬಂದರೆ ಹೊಡೆತ ಸ್ನಾಯುವಿಗೆ ಬದಲು ಕೀಲಿಗೆ ಹೋಗುತ್ತಿದೆ ಎಂದರ್ಥ. ಮಕ್ಕಳಿಗೆ 'ಮಂಡಿ ಒಳಗೆ ಬಿಡಬೇಡ' ಎನ್ನುವುದಕ್ಕಿಂತ 'ಸದ್ದಾಗದಂತೆ ಇಳಿ', 'ಹಿಂದೆ ಕುರ್ಚಿ ಇದೆ ಅಂದುಕೊಂಡು ಇಳಿ' ಎಂದರೆ ಬೇಗ ಹತ್ತುತ್ತದೆ. ದೇಹದ ಭಾಗದ ಮೇಲೆ ಗಮನ ಇಟ್ಟರೆ ಚಲನೆ ಬಿಗಿಯಾಗುತ್ತದೆ, ಫಲಿತಾಂಶದ ಮೇಲೆ ಇಟ್ಟರೆ ಸಲೀಸಾಗುತ್ತದೆ.

ಫುಟ್‌ಬಾಲ್‌ಗೆಂದು 2006ರಲ್ಲಿ ಬಂದ 'ಫಿಫಾ 11+' ಈ ವಿಷಯದಲ್ಲಿ ಚೆನ್ನಾಗಿ ಪರೀಕ್ಷೆಗೆ ಒಳಗಾದ ಕ್ರಮ. ಮೂರು ಭಾಗ, ಒಟ್ಟು 15 ವ್ಯಾಯಾಮ, 20 ನಿಮಿಷ. ನಾರ್ವೆಯಲ್ಲಿ 13ರಿಂದ 17 ವಯಸ್ಸಿನ ಹುಡುಗಿಯರ ಮೇಲೆ ನಡೆದ ದೊಡ್ಡ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಒಟ್ಟು ಗಾಯ ಸುಮಾರು ಮೂರನೇ ಒಂದರಷ್ಟು, ತೀವ್ರ ಗಾಯ ಸುಮಾರು ಅರ್ಧದಷ್ಟು ಕಡಿಮೆ. ಅದರ ಎಲುಬುಗೂಡು ಇಟ್ಟುಕೊಂಡು ಕಬಡ್ಡಿಗೆ ಹೊಂದಿಸಿದರೆ ಹೀಗಾಗುತ್ತದೆ.

ಮೊದಲ 6 ನಿಮಿಷ ಅಂಕಣದ ಉದ್ದಕ್ಕೂ ನಿಧಾನ ಓಟ, ಪಕ್ಕಕ್ಕೆ ಸರಿಯುವ ಓಟ, ಹಿಂದಕ್ಕೆ ಓಟ, ಮಂಡಿ ಎತ್ತಿ ಹೊರಕ್ಕೆ ತಿರುಗಿಸುವುದು, ಜೋಡಿಯಾಗಿ ಓಡಿ ನೆಗೆದು ಭುಜಕ್ಕೆ ಭುಜ ತಾಗಿಸಿ ಎರಡೂ ಕಾಲಿನ ಮೇಲೆ ಇಳಿಯುವುದು.

ಮುಂದಿನ 10 ನಿಮಿಷ ಬಲ. ಬಸ್ಕಿ 10ರಂತೆ 2 ಸುತ್ತು. ಎರಡು ವಾರ ಕಳೆದ ಮೇಲೆ ಬೆಂಚು ಹಿಡಿದು ಒಂಟಿ ಕಾಲಿನ ಬಸ್ಕಿ, ಕಾಲಿಗೆ 6. ಪಕ್ಕದ ಪ್ಲ್ಯಾಂಕ್ (ಪಕ್ಕಕ್ಕೆ ಮಲಗಿ ಮೊಣಕೈ ಊರಿ ಮೈ ನೇರವಾಗಿ ಎತ್ತಿ ಹಿಡಿಯುವುದು) ಒಂದೊಂದು ಕಡೆ 20ರಿಂದ 30 ಸೆಕೆಂಡು. ಮೆಟ್ಟಿಲಂಚಿನಲ್ಲಿ ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು 12. ಒಂಟಿ ಕಾಲಿನಲ್ಲಿ ನಿಂತು ಜೊತೆಗಾತಿಗೆ ಚೆಂಡು ಎಸೆಯುವುದು 30 ಸೆಕೆಂಡು. ಇವುಗಳ ಜೊತೆಗೆ ನಾರ್ಡಿಕ್ ಮತ್ತು ಕೋಪನ್‌ಹೇಗನ್, ಅವುಗಳ ಬಗ್ಗೆ ಕೆಳಗೆ ಬೇರೆ ಬರೆಯುತ್ತೇನೆ.

ಆಮೇಲೆ 6 ನಿಮಿಷ ನೆಗೆತ ಮತ್ತು ನಿಲುಗಡೆ, ಕೊನೆಯ 3 ನಿಮಿಷ ಆಟದ ವೇಗದ ಓಟ. ಪೂರ್ತಿ ಕ್ರಮ ವಾರಕ್ಕೆ ಮೂರು ದಿನ. ಉಳಿದ ದಿನ ಬಲದ ಭಾಗ ಬಿಟ್ಟು ಮಿಕ್ಕದ್ದು. ವಾರಕ್ಕೆ ಎರಡು ಸಲಕ್ಕಿಂತ ಕಡಿಮೆಯಾದರೆ ಫಲ ಕಾಣುವುದಿಲ್ಲ. ಸಿಮೆಂಟ್ ನೆಲದ ದಿನ ನೆಗೆತ ಕೈಬಿಟ್ಟು ಬಲಕ್ಕೆ ಹೆಚ್ಚು ಸಮಯ ಕೊಡಿ.

ಕಡೂರು ಕ್ರೀಸ್ (ಕ್ರಿಕೆಟ್ ತರಬೇತಿ)

ಫಿಸಿಯೋ ಅವರೇ, ಸ್ಟ್ರೆಚಿಂಗ್ ಅನ್ನು ಪೂರ್ತಿ ತೆಗೆದುಹಾಕಿದ್ದೀರಿ. ಮಕ್ಕಳ ತೊಡೆ ಬಿಗಿಯಾಗಿರುತ್ತದೆ, ಎಳೆದುಕೊಳ್ಳದೆ ಓಡಿಸಿದರೆ ನರ ಹಿಡಿಯುವುದಿಲ್ಲವೇ?

ಹೇಮಾವತಿ ಫಿಸಿಯೋ (ಹಾಸನ)

'ನರ ಹಿಡಿಯಿತು' ಎಂದು ನಾವು ಹೇಳುವುದು ಬಹುತೇಕ ಸ್ನಾಯುವಿನ ಎಳೆ ಹರಿದದ್ದನ್ನು, ಸರ್. ಪೂರ್ಣ ವೇಗದಲ್ಲಿ ಓಡುವಾಗ ಪಾದ ನೆಲಕ್ಕೆ ಬರುವ ಸ್ವಲ್ಪ ಮುಂಚೆ ತೊಡೆಯ ಹಿಂಭಾಗದ ಸ್ನಾಯು ಉದ್ದವಾಗುತ್ತಲೇ ಮುಂದಕ್ಕೆ ಬೀಸುವ ಕಾಲಿಗೆ ಬ್ರೇಕ್ ಹಾಕುತ್ತಿರುತ್ತದೆ. ಹರಿಯುವುದು ಆಗ. ಅಲ್ಲಿ ಬೇಕಾದದ್ದು ಉದ್ದವಾಗುತ್ತಾ ಬಲ ಕೊಡುವ ಶಕ್ತಿ. ಒಂದು ಸ್ನಾಯುವನ್ನು 60 ಸೆಕೆಂಡಿಗಿಂತ ಕಡಿಮೆ ಹೊತ್ತು ಎಳೆದು ಹಿಡಿದರೆ ನಷ್ಟವೇನೂ ಇಲ್ಲ. ಅದಕ್ಕಿಂತ ಹೆಚ್ಚು ಹಿಡಿದು ತಕ್ಷಣ ಆಡಿದರೆ ನೆಗೆತ, ವೇಗ ತುಸು ಕುಗ್ಗುತ್ತದೆ. ಇರುವುದೇ 25 ನಿಮಿಷವಾದ್ದರಿಂದ ಅದನ್ನು ಆಟ ಮುಗಿದ ಮೇಲಿಗೆ ಇಟ್ಟೆ.

ತೊಡೆಯ ಹಿಂಭಾಗದ ಆ ಸ್ನಾಯುವಿಗೆ, ಅಂದರೆ ಹ್ಯಾಮ್‌ಸ್ಟ್ರಿಂಗ್‌ಗೆ, ನಾರ್ಡಿಕ್ ಇದೆ. ಮಡಚಿದ ಗೋಣಿಚೀಲದ ಮೇಲೆ ಮಂಡಿಯೂರಿ, ಜೊತೆಗಾತಿ ಎರಡೂ ಹಿಮ್ಮಡಿಯನ್ನು ಬಿಗಿಯಾಗಿ ಒತ್ತಿ ಹಿಡಿಯಬೇಕು. ಮಂಡಿಯಿಂದ ತಲೆವರೆಗೆ ಮೈ ನೇರವಾಗಿಟ್ಟು ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು ನಿಧಾನವಾಗಿ ಮುಂದಕ್ಕೆ ಬೀಳುವುದು, ಕೊನೆಗೆ ಕೈಯಲ್ಲಿ ತಡೆದು ತಳ್ಳಿಕೊಂಡು ಮೇಲೇಳುವುದು. ಸೊಂಟದಲ್ಲಿ ಬಗ್ಗಿದರೆ ಕೆಲಸ ಸ್ನಾಯುವಿಗೆ ಸಿಗುವುದೇ ಇಲ್ಲ. ಎಲ್ಲರೂ ಮಾಡುವ ತಪ್ಪು ಅದೇ. ಮೊದಲ ವಾರ ಒಂದೇ ದಿನ, 5ರಂತೆ 2 ಸುತ್ತು. ಎರಡನೇ ವಾರ ಎರಡು ದಿನ, 6ರಂತೆ 2. ಮೂರನೇ ವಾರ ಮೂರು ದಿನ, 6ರಿಂದ 8ರಂತೆ 3. ನಾಲ್ಕನೇ ವಾರ 8ರಿಂದ 10ರಂತೆ 3. ಮೊದಲ ವಾರವೇ 3 ಸುತ್ತು ಮಾಡಿಸಿದರೆ ಮರುದಿನ ಮಕ್ಕಳು ಮೆಟ್ಟಿಲು ಇಳಿಯಲಾರರು, ಆಮೇಲೆ ಯಾರೂ ಅದನ್ನು ಇಷ್ಟಪಟ್ಟು ಮಾಡುವುದಿಲ್ಲ. ನಾರ್ಡಿಕ್ ಸೇರಿಸಿದ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಸುಮಾರು ಅರ್ಧಕ್ಕೆ ಇಳಿದಿದೆ. ಪಂದ್ಯದ ವಾರದಲ್ಲಿ ಒಂದೇ ಸಲ, ಪಂದ್ಯಕ್ಕೆ ಕನಿಷ್ಠ ಮೂರು ದಿನ ಮುಂಚೆ.

ಕೋಪನ್‌ಹೇಗನ್ ತೊಡೆಸಂದಿಗೆ. ಪಕ್ಕದ ಪ್ಲ್ಯಾಂಕ್‌ನಲ್ಲಿರುವಾಗ ಮೇಲಿನ ಕಾಲನ್ನು ಜೊತೆಗಾತಿ ಸೊಂಟದ ಮಟ್ಟದಲ್ಲಿ ಹಿಡಿದಿರುತ್ತಾಳೆ, ಕೆಳಗಿನ ಕಾಲನ್ನು ಎತ್ತಿ ಅದಕ್ಕೆ ಸೇರಿಸಬೇಕು. ಶುರುವಿಗೆ ಆಂಕಲ್ ಹಿಡಿಯದೆ ಮಂಡಿಯ ಹತ್ತಿರ ಹಿಡಿಯಿರಿ, ಹಗುರವಾಗುತ್ತದೆ. ಕಾಲಿಗೆ 5ರಿಂದ 8. ಬೋನಸ್‌ಗೆ ಕಾಲು ಚಾಚುವ ರೈಡರ್‌ಗಳಿಗೆ ಇದು ತಪ್ಪಲೇಬಾರದು.

ಅರಸೀಕೆರೆ ಅಂಕಣ (ಕಬಡ್ಡಿ ತರಬೇತಿ)

ಬಲದ ಮಾತು ಫಿಸಿಯೋ ಮೇಡಂ ಹೇಳಿದರು. ನಿಲುಗಡೆಯ ಆ 6 ನಿಮಿಷ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ರೈಡರ್‌ಗೆ ಓಡುವುದನ್ನು, ಮುಟ್ಟುವುದನ್ನು ಕಲಿಸುತ್ತೇವೆ, ನಿಲ್ಲುವುದನ್ನು ಕಲಿಸುವುದೇ ಇಲ್ಲ. ಕಬಡ್ಡಿಯಲ್ಲಿ ಒಂದು ರೈಡ್ 30 ಸೆಕೆಂಡಿನದು; ಅಷ್ಟರಲ್ಲಿ ಹತ್ತಾರು ಸಲ ವೇಗ ಇಳಿಸಿ ದಿಕ್ಕು ಬದಲಿಸಬೇಕು. ಚೆನ್ನಾಗಿ ನಿಲ್ಲಬಲ್ಲವಳೇ ಕಾರ್ನರ್ ಡಿಫೆಂಡರ್ ಮುಂದಕ್ಕೆ ಬಿದ್ದಾಗ ಹಿಂದೆ ಸರಿಯಬಲ್ಲಳು. ಮಂಡಿ ಉಳಿಸುವ ಕೌಶಲವೇ ಪಾಯಿಂಟ್ ತರುವ ಕೌಶಲ ಎಂದು ಮಕ್ಕಳಿಗೆ ತಿಳಿಸಿ ಹೇಳಿ, ಆಗ ಮನಸ್ಸಿಟ್ಟು ಮಾಡುತ್ತಾರೆ.

ಮೊದಲ ಎರಡು ವಾರ: 8 ಮೀಟರ್ ಓಡಿ, ಸುಣ್ಣದಲ್ಲಿ ಹಾಕಿದ 2 ಮೀಟರ್ ಪಟ್ಟಿಯೊಳಗೆ ಮೂರು ಚಿಕ್ಕ ಹೆಜ್ಜೆಯಲ್ಲಿ ನಿಲ್ಲುವುದು. ಸೊಂಟ ತಗ್ಗಿ, ಎದೆ ಮಂಡಿಯ ಮೇಲೆ, ಹಿಮ್ಮಡಿ ಮೇಲೆ ಜಾರದೆ ಪೂರ್ತಿ ಪಾದ ನೆಲದಲ್ಲಿ. ನಿಂತ ಮೇಲೆ ಎರಡು ಸೆಕೆಂಡು ಅಲುಗಾಡದಿರಲಿ. 6 ಸಲ. ಒಂದೇ ದೊಡ್ಡ ಹೆಜ್ಜೆಯಲ್ಲಿ ಕಾಲು ಮುಂದೆ ಚಾಚಿ ನಿಂತರೆ ಮಂಡಿ ನೆಟ್ಟಗಾಗುತ್ತದೆ. ತೂಕವೆಲ್ಲ ಆ ಒಂದೇ ಕೀಲಿಗೆ.

ಮೂರು, ನಾಲ್ಕನೇ ವಾರ: ನಿಂತ ಕೂಡಲೇ 45 ಡಿಗ್ರಿ, ಆಮೇಲೆ 90 ಡಿಗ್ರಿ ತಿರುಗಿ ಮೂರು ಹೆಜ್ಜೆ ಓಟ. ತಿರುಗುವ ಮುಂಚಿನ ಹೆಜ್ಜೆಯಲ್ಲೇ ವೇಗ ಇಳಿಸಿರಬೇಕು. ತಿರುಗುವ ಕಾಲು ದೇಹದಿಂದ ಬಹಳ ದೂರ ಬೀಳಬಾರದು, ಪಾದದ ತುದಿ ಹೋಗಬೇಕಾದ ದಿಕ್ಕಿಗೇ ಇರಲಿ. ಪಾದ ಒಂದು ಕಡೆ, ಸೊಂಟ ಇನ್ನೊಂದು ಕಡೆಯಾದರೆ ನಡುವೆ ಸಿಕ್ಕಿ ನರಳುವುದು ಮಂಡಿ.

ಐದು, ಆರನೇ ವಾರ: ಎಡ, ಬಲ ಎಂದು ಕೂಗಿ ಕೊನೇ ಕ್ಷಣದಲ್ಲಿ ದಿಕ್ಕು ಹೇಳುವುದು. ಮೊದಲೇ ಗೊತ್ತಿರುವ ತಿರುವಿಗಿಂತ ಫಕ್ಕನೆ ಬರುವ ತಿರುವಿನಲ್ಲಿ ಮಂಡಿಗೆ ಹೆಚ್ಚು ಹೊರೆ. ಪಂದ್ಯದಲ್ಲಿ ಬರುವುದು ಅಂಥದ್ದೇ ತಿರುವು.

ಹಿಡಿತದ ಬಗ್ಗೆ. ಆಂಕಲ್ ಹೋಲ್ಡ್‌ಗೆ ಹೋಗುವವಳ ತಲೆ ರೈಡರ್‌ನ ತೊಡೆಯ ಹೊರಪಕ್ಕಕ್ಕಿರಬೇಕು, ಕಣ್ಣು ಮೇಲಕ್ಕಿರಬೇಕು. ತಲೆ ತಗ್ಗಿಸಿ ಮಂಡಿಯ ಎದುರಿಗೆ ಬಿದ್ದರೆ ಮಂಡಿ ನೇರ ಹಣೆಗೆ, ಇಲ್ಲವೇ ಕುತ್ತಿಗೆಗೆ ಬಡಿಯುತ್ತದೆ. ಡಿಫೆಂಡರ್‌ಗಳು ಕೈಗೆ ಕೈ ಹಿಡಿದು ಚೈನ್ ಕಟ್ಟುವಾಗ ಬೆರಳಿಗೆ ಬೆರಳು ಹೆಣೆಯುವುದು ಬೇಡ, ರೈಡರ್ ನುಗ್ಗಿದಾಗ ಬೆರಳು ತಿರುಚಿ ಕೀಲು ಜಾರುತ್ತದೆ. ಅಂಗೈಗೆ ಅಂಗೈ ಕೊಕ್ಕೆಯಂತೆ ಹಿಡಿಯಲಿ. ಹಿಡಿತಕ್ಕೆ ಸಿಕ್ಕಿದ ರೈಡರ್ ಕಾಲು ಸಿಕ್ಕಿಬಿದ್ದಿರುವಾಗ ಮೈ ತಿರುಚಿ ಕಿತ್ತುಕೊಳ್ಳಬಾರದು. ಹಿಡಿದ ಕಾಲಿನ ದಿಕ್ಕಿಗೇ ಸೊಂಟ ತಿರುಗಿಸಿ, ಬಿದ್ದು, ಕೈ ಚಾಚಿ ನಡುಗೆರೆ ಮುಟ್ಟುವುದು ಕಲಿಸಿ. ಉಗುರು ಕತ್ತರಿಸಿರಬೇಕು, ಬಳೆ ಓಲೆ ತೆಗೆದಿರಬೇಕು, ಮೈಗೆ ಎಣ್ಣೆ ಹಚ್ಚಿರಬಾರದು, ಇದು ನಿಯಮ. ಅಭ್ಯಾಸದ ದಿನವೂ ಪಾಲಿಸಿ.

ತಲೆಗೆ ಪೆಟ್ಟು ಬಿದ್ದು ಹುಡುಗಿ ಮಂಕಾದರೆ, ತಡವರಿಸಿದರೆ, ಸ್ಕೋರ್ ಕೇಳಿದರೆ ಹೇಳಲಾಗದಿದ್ದರೆ, ವಾಂತಿ ಬಂದಂತಾಗುತ್ತಿದೆ ಎಂದರೆ ಅವತ್ತಿಗೆ ಅವಳ ಆಟ ಮುಗಿಯಿತು. ಹತ್ತು ನಿಮಿಷ ಕೂರಿಸಿ ನೀರು ಕುಡಿಸಿ ಮತ್ತೆ ಕಳಿಸುವುದು ದೊಡ್ಡ ತಪ್ಪು. ಫೈನಲ್ ಆದರೂ ಸರಿ. ವಾಂತಿ ಮರುಕಳಿಸಿದರೆ, ತಲೆನೋವು ಏರುತ್ತಾ ಹೋದರೆ, ಕುತ್ತಿಗೆ ನೋವಿದ್ದರೆ, ಕೈಕಾಲು ಜೋಮು ಹಿಡಿದರೆ ತಡಮಾಡದೆ ಆಸ್ಪತ್ರೆಗೆ.

ಯಗಚಿ ತೀರ

ತುಂಬಾ ಉಪಯೋಗವಾಯಿತು. ಮ್ಯಾಟ್ ವಿಷಯ? ಮತ್ತೆ ತಂಡದಲ್ಲಿ ಇಬ್ಬರಿಗೆ ಹೋದ ವರ್ಷ ಕಾಲು ಉಳುಕಿತ್ತು. ಅವರಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿ ಆಡಿಸುವುದೇ?

ಅರಸೀಕೆರೆ ಅಂಕಣ

ಮಣ್ಣಿನಲ್ಲಿ ಪಾದ ಸ್ವಲ್ಪ ಜಾರುತ್ತದೆ. ಆ ಜಾರುವಿಕೆಯೇ ಮಂಡಿಗೆ ರಕ್ಷಣೆ. ಮ್ಯಾಟ್ ಮೇಲೆ ರಬ್ಬರ್ ಅಟ್ಟೆಯ ಶೂ ಹಾಕಿದರೆ ಪಾದ ಅಂಟಿಕೊಂಡಂತೆ ನಿಲ್ಲುತ್ತದೆ, ಮೇಲಿನ ಮೈ ಮಾತ್ರ ತಿರುಗುತ್ತದೆ. ನಾರ್ವೆಯ ಹ್ಯಾಂಡ್‌ಬಾಲ್‌ನಲ್ಲಿ ಮರದ ನೆಲಕ್ಕಿಂತ ಹಿಡಿತ ಹೆಚ್ಚಿರುವ ಕೃತಕ ನೆಲದಲ್ಲಿ ಮಹಿಳೆಯರ ಎಸಿಎಲ್ ಗಾಯ ಹೆಚ್ಚಾಗಿದ್ದನ್ನು ದಾಖಲಿಸಿದ್ದಾರೆ. ಬರಿಗಾಲಿನಲ್ಲಿ ಮಣ್ಣಿನ ಮೇಲೆ ಆರು ವಾರ ಆಡಿದವರನ್ನು ಹೊಸ ಶೂ ಹಾಕಿಸಿ ಮ್ಯಾಟ್‌ಗೆ ನೇರ ಪಂದ್ಯಕ್ಕೆ ಇಳಿಸುವುದು ಅಪಾಯ. ಮುಂಚೆ ಎರಡು ಮೂರು ದಿನವಾದರೂ ಎಲ್ಲಾದರೂ ಮ್ಯಾಟ್ ಸಿಗುವಂತೆ ನೋಡಿ. ಮೊದಲ ದಿನ ಹಿಡಿತ ಬೇಡ, ನಿಲುಗಡೆ ಮತ್ತು ತಿರುವು ಮಾತ್ರ, ಪಂದ್ಯಕ್ಕೆ ಹಾಕುವ ಶೂ ಹಾಕಿಕೊಂಡೇ. ಸಿಗದಿದ್ದರೆ ಪಂದ್ಯದ ದಿನ ಬೇಗ ಹೋಗಿ 15 ನಿಮಿಷ ಇದನ್ನೇ ಮಾಡಿಸಿ. ಮ್ಯಾಟ್ ತುಂಡುಗಳ ನಡುವೆ ಬಾಯಿಬಿಟ್ಟ ಸಂದು ಇದೆಯೇ, ನೀರು, ಬೆವರು ಬಿದ್ದಿದೆಯೇ ನೋಡಿಕೊಳ್ಳಿ. ಒಂದು ಕಡೆ ಅಂಟು, ಇನ್ನೊಂದು ಕಡೆ ಜಾರು ಆದರೆ ಅದಕ್ಕಿಂತ ಕೆಟ್ಟದ್ದಿಲ್ಲ.

ನಿಮ್ಮ ಗರಸು ಅಂಕಣಕ್ಕೂ ಒಂದು ದಿನ ಕೊಡಿ. ಮೂರು ಇಂಚು ಅಗೆದು, ಜರಡಿ ಹಿಡಿದು ಹರಳು ತೆಗೆದು, ಸಂಜೆ ನೀರು ಚಿಮುಕಿಸಿ ಬಿಡಿ. ಬೆಳಿಗ್ಗೆಗೆ ಹದವಾಗಿರುತ್ತದೆ. ಕೆಸರಾದ ದಿನ ಹಿಡಿತದ ಆಟ ಬೇಡ.

ಹೇಮಾವತಿ ಫಿಸಿಯೋ

ಉಳುಕಿದ ಕಾಲು ಮತ್ತೆ ಉಳುಕುವ ಸಾಧ್ಯತೆಯೇ ಹೆಚ್ಚು. ಪಾದ ಒಳಕ್ಕೆ ಮಗುಚಿದಾಗ ಹೊರಗಿಣ್ಣಿನ ಮುಂದಿರುವ ಅಸ್ಥಿರಜ್ಜು ಎಳೆಯುತ್ತದೆ, ಅದರ ಜೊತೆಗೆ ಕೀಲು ಎಲ್ಲಿದೆ ಎಂದು ಮಿದುಳಿಗೆ ತಿಳಿಸುವ ಸೂಕ್ಷ್ಮ ವ್ಯವಸ್ಥೆಯೂ ಕೆಡುತ್ತದೆ. ನೋವು ಹೋಗಿದ್ದರೂ ಅದು ತಾನಾಗಿ ಸರಿಹೋಗಿರುವುದಿಲ್ಲ. ಆ ಇಬ್ಬರನ್ನು ಕಣ್ಣು ಮುಚ್ಚಿ ಒಂಟಿ ಕಾಲಿನಲ್ಲಿ ನಿಲ್ಲಿಸಿ, ಎರಡೂ ಕಾಲನ್ನು ಹೋಲಿಸಿ. ಹಳೆ ಗಾಯದ ಕಾಲು ಬೇಗ ತೂರಾಡಿದರೆ ದಿನಕ್ಕೆ 5 ನಿಮಿಷ ಸಮತೋಲನದ ಅಭ್ಯಾಸ: ಮೊದಲು ಗಟ್ಟಿ ನೆಲ, ಆಮೇಲೆ ಮಡಚಿದ ಗೋಣಿಚೀಲ, ಆಮೇಲೆ ಕಣ್ಣು ಮುಚ್ಚಿ, ಆಮೇಲೆ ಒಂಟಿ ಕಾಲಿನಲ್ಲಿ ನೆಗೆದು ನಿಲ್ಲುವುದು. ಎಂಟು ವಾರವಾದರೂ ನಡೆಯಬೇಕು, ಹೋಬಳಿ ಕೂಟ ಮುಗಿದ ಮೇಲೂ.

ಕ್ರೇಪ್ ಬ್ಯಾಂಡೇಜ್ ಊತವನ್ನು ಒತ್ತಿಡುತ್ತದೆ, ಕೀಲನ್ನು ತಡೆಯುವುದಿಲ್ಲ. ಬಿಗಿ ಟೇಪ್ ಸರಿಯಾಗಿ ಹಾಕಲು ಕಲಿತ ಕೈ ಬೇಕು, ಅದೂ ಬೆವರಿಗೆ ಸಡಿಲವಾಗುತ್ತದೆ. ದಾರ ಕಟ್ಟುವ ಆಂಕಲ್ ಬ್ರೇಸ್ ಶಾಲೆಗೆ ಅನುಕೂಲ. ಮತ್ತೆ ಉಳುಕುವುದನ್ನು ಅದು ಚೆನ್ನಾಗಿ ತಗ್ಗಿಸುತ್ತದೆ.

ಹೊಸದಾಗಿ ಉಳುಕಿದರೆ ಎಕ್ಸ್‌ರೇ ಬೇಕೇ ಎಂದು ತಿಳಿಯಲು ವೈದ್ಯರು ಬಳಸುವ, ಕೆನಡಾದ ಒಟ್ಟಾವಾ ನಗರದ ಹೆಸರಿನ ನಿಯಮ ನಿಮಗೂ ಗೊತ್ತಿರಲಿ. ಒಳ ಅಥವಾ ಹೊರ ಗಿಣ್ಣಿನ ಮೂಳೆಯ ಹಿಂದಿನ ಅಂಚಿನಲ್ಲಿ, ತುದಿಯಿಂದ ಮೇಲಕ್ಕೆ 6 ಸೆಂ.ಮೀ. ಒಳಗೆ ಒತ್ತಿದರೆ ನೋವು. ಕಿರುಬೆರಳಿನ ಸಾಲಿನಲ್ಲಿ ಪಾದದ ನಡುವೆ ಎದ್ದಿರುವ ಮೂಳೆಯ ಬುಡದಲ್ಲಿ ಅಥವಾ ಪಾದದ ಒಳಪಕ್ಕದ ಕಮಾನಿನ ಮೂಳೆಯಲ್ಲಿ ನೋವು. ಇಲ್ಲವೇ ನಾಲ್ಕು ಹೆಜ್ಜೆ ಇಡಲಾಗದಿರುವುದು. ಇದರಲ್ಲಿ ಒಂದಿದ್ದರೂ ಎಕ್ಸ್‌ರೇಗೆ ಕಳಿಸಿ.

ಮೂಡಿಗೆರೆ ತೋಟ (ಪೋಷಕರು)

ನಮ್ಮಲ್ಲಿ ಪೆಟ್ಟಾದ ಕೂಡಲೇ ಬಿಸಿ ಎಣ್ಣೆ ಹಾಕಿ ನೀವುವುದು ರೂಢಿ. ಅದು ತಪ್ಪೇ?

ಹೇಮಾವತಿ ಫಿಸಿಯೋ

ಮೊದಲ ಎರಡು ಮೂರು ದಿನ ಖಂಡಿತ ಬೇಡ. ಒಳಗೆ ಸಣ್ಣ ರಕ್ತನಾಳಗಳು ಒಡೆದಿರುತ್ತವೆ. ಶಾಖ ಮತ್ತು ಒತ್ತಡ ಸೋರುವಿಕೆಯನ್ನು ಹೆಚ್ಚಿಸುತ್ತವೆ. ಕಬಡ್ಡಿಯಲ್ಲಿ ತೊಡೆಯ ಮುಂಭಾಗಕ್ಕೆ ಮಂಡಿ ಬಡಿದ ಪೆಟ್ಟಿಗೆ ಇದು ಇನ್ನೂ ಮುಖ್ಯ. ಅದನ್ನು ಬಲವಾಗಿ ನೀವಿದರೆ ಹೆಪ್ಪುಗಟ್ಟಿದ ರಕ್ತದ ಜಾಗದಲ್ಲಿ ಮೂಳೆ ಬೆಳೆಯುವ ಸಂಭವವಿದೆ, ಆಗ ತಿಂಗಳುಗಟ್ಟಲೆ ಮಂಡಿ ಮಡಚಲಾಗುವುದಿಲ್ಲ. ಅಂಥ ಪೆಟ್ಟಿಗೆ ಮಾಡಬೇಕಾದದ್ದು: ನೋವು ತಡೆಯುವಷ್ಟು ಮಂಡಿಯನ್ನು ಚೆನ್ನಾಗಿ ಮಡಚಿ, ಸಾಧ್ಯವಾದರೆ 120 ಡಿಗ್ರಿಯವರೆಗೆ, ಬ್ಯಾಂಡೇಜ್ ಸುತ್ತಿ ಮೊದಲ ದಿನ ಹಾಗೇ ಇಡುವುದು. ಸ್ನಾಯು ಎಳೆದುಕೊಂಡ ಸ್ಥಿತಿಯಲ್ಲಿದ್ದರೆ ರಕ್ತ ತುಂಬಲು ಜಾಗ ಕಡಿಮೆ. ಕಾಲು ಜೋಮು ಹಿಡಿದರೆ, ಅಥವಾ ಬಿಗಿತ, ನೋವು ಏರುತ್ತಲೇ ಹೋದರೆ ಕಟ್ಟು ಬಿಚ್ಚಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಉಳುಕಿಗೆ ಬಟ್ಟೆ ಸುತ್ತಿದ ಮಂಜುಗಡ್ಡೆ 10 ನಿಮಿಷ ಇಟ್ಟರೆ ನೋವು ತಗ್ಗುತ್ತದೆ, ಗಾಯ ಬೇಗ ಮಾಗುವುದಿಲ್ಲ. ಬ್ಯಾಂಡೇಜ್, ಕಾಲು ಎತ್ತರದಲ್ಲಿಡುವುದು, ನೋವು ತಡೆಯುವಷ್ಟರಲ್ಲಿ ಎರಡನೇ ದಿನದಿಂದಲೇ ಪಾದ ಆಡಿಸುವುದು. ವಾರಗಟ್ಟಲೆ ಮಂಚದಲ್ಲಿ ಮಲಗಿಸಿದರೆ ಕಾಲು ಬಲಹೀನವಾಗುತ್ತದೆ. ಮಂಡಿಯಲ್ಲಿ 'ಟಕ್' ಎಂದು ಸದ್ದು ಬಂದು ಒಂದೆರಡು ಗಂಟೆಯಲ್ಲಿ ಬಾತುಕೊಂಡರೆ ಎಸಿಎಲ್ ಎಂದೇ ಅನುಮಾನಿಸಿ ಮೂಳೆ ತಜ್ಞರಿಗೆ ತೋರಿಸಿ. ಶಸ್ತ್ರಚಿಕಿತ್ಸೆ ಆದವರು 9 ತಿಂಗಳಿಗೆ ಮುಂಚೆ, ಎರಡೂ ಕಾಲಿನ ಬಲ ಸರಿಸಮಕ್ಕೆ ಬರುವ ಮುಂಚೆ ಅಂಕಣಕ್ಕೆ ಇಳಿದರೆ ಮತ್ತೆ ಹರಿಯುವ ಅಪಾಯ ಬಹಳ.

ಸಕಲೇಶಪುರ ಖೋ (ಖೋ ಖೋ ತರಬೇತಿ)

ಖೋ ಖೋಗೆ ಎರಡು ಮಾತು. ಚೌಕದಲ್ಲಿ ಕುಳಿತವಳು ಏಳುವಾಗ ಮಂಡಿ ಪೂರ್ತಿ ಮಡಚಿದ ಸ್ಥಿತಿಯಿಂದ ಸ್ಫೋಟದಂತೆ ಹೊರಡುತ್ತಾಳೆ. ಒಂದೇ ಕಾಲು ಯಾವಾಗಲೂ ಮುಂದಿಟ್ಟರೆ ಆ ಮಂಡಿಯ ಚಿಪ್ಪಿನ ಕೆಳಗೆ ನೋವು ಶುರುವಾಗುತ್ತದೆ. ಬುಲೆಟ್ (ಒಂದು ಪಾದ ಮುಂದೆ), ಪ್ಯಾರಲಲ್ (ಎರಡೂ ಪಾದ ಸಮ) ಎರಡೂ ಕೂರುವ ಕ್ರಮ ಕಲಿಸಿ, ಕಾಲು ಬದಲಿಸುತ್ತಿರಿ. ಕಂಬ ಹಿಡಿದು ಮೈ ಚಾಚಿ ಹಾರುವ ಪೋಲ್ ಡೈವ್ ಅನ್ನು ಗರಸು ನೆಲದಲ್ಲಿ ಅಭ್ಯಾಸ ಮಾಡಿಸಬೇಡಿ. ಒಣಹುಲ್ಲು ತುಂಬಿದ ಗೋಣಿಚೀಲ ಹಾಸಿ. ಇಳಿಯುವಾಗ ಮೊದಲು ತಾಗಬೇಕಾದದ್ದು ಎದೆ, ಹೊಟ್ಟೆ, ತೊಡೆಯ ಉದ್ದವೆಲ್ಲ ಒಂದಾಗಿ. ಮಂಡಿ ಅಥವಾ ನೆಟ್ಟಗೆ ಚಾಚಿದ ಅಂಗೈ ಅಲ್ಲ. ಹಾಗೆ ಕೈಯೂರಿದರೆ ಮಣಿಕಟ್ಟು, ಕೊರಳೆಲುಬು ಮುರಿಯುತ್ತವೆ. ಪೋಲ್ ಹಿಡಿಯುವಾಗ ಮೊಣಕೈ ತುಸು ಬಗ್ಗಿರಲಿ.

ಕೂಟದಲ್ಲಿ ಅದೇ ಮಕ್ಕಳನ್ನು ಉದ್ದಜಿಗಿತಕ್ಕೂ ಇಳಿಸುತ್ತೇವಲ್ಲ, ಮರಳಿನ ಗುಂಡಿ ನೋಡಿಕೊಳ್ಳಿ. ಮಳೆ ಬಿದ್ದು ಒಣಗಿದ ಮರಳು ಸಿಮೆಂಟಿನಂತಾಗಿರುತ್ತದೆ. ಸ್ಪರ್ಧೆಗೆ ಮುಂಚೆ 30 ಸೆಂ.ಮೀ. ಆಳಕ್ಕೆ ಅಗೆದು ಸಡಿಲಿಸಿ, ಟೇಕ್‌ಆಫ್ ಹಲಗೆಯ ಮಟ್ಟಕ್ಕೆ ಸಮ ಮಾಡಿ. ಪ್ರತಿ ಹತ್ತು ಜಿಗಿತಕ್ಕೊಮ್ಮೆ ಮತ್ತೆ ಸಲಿಕೆ ಆಡಿಸಿ.

ಮುಳ್ಳಯ್ಯನ ದಾರಿ (ಚಿಕ್ಕಮಗಳೂರು, ಓಟದ ತರಬೇತಿ)

ನಮ್ಮ ಎರಡೂ ಜಿಲ್ಲೆಯ ಮಲೆನಾಡು ಶಾಲೆಗಳಿಗೆ ಜಿಮ್ ಇಲ್ಲದಿದ್ದರೂ ಏರು ರಸ್ತೆ ಇದೆ. ಹಗುರ ಏರಿನಲ್ಲಿ 20 ಮೀಟರ್ ಪೂರ್ಣ ಬಲದ ಓಟ 6 ಸಲ, ಇಳಿಯುವಾಗ ನಡಿಗೆ, ನಡುವೆ 90 ಸೆಕೆಂಡು ವಿರಾಮ. ಏರಿನಲ್ಲಿ ವೇಗ ಕಡಿಮೆ, ನೆಲದ ಹೊಡೆತ ಕಡಿಮೆ, ಹೊರಡುವ ಬಲ ಮಾತ್ರ ಚೆನ್ನಾಗಿ ಬೆಳೆಯುತ್ತದೆ. ಮೂರನೇ ವಾರದಿಂದ ಸಮತಟ್ಟಿನಲ್ಲಿ 30 ಮೀಟರ್ ಪೂರ್ಣ ವೇಗದ ಓಟ ವಾರಕ್ಕೆರಡು ದಿನ, 4 ಸಲ. ಪಂದ್ಯದ ದಿನವೇ ಮೊದಲ ಬಾರಿಗೆ ಪೂರ್ಣ ವೇಗ ನೋಡುವ ಹ್ಯಾಮ್‌ಸ್ಟ್ರಿಂಗ್ ತಡೆಯುವುದಿಲ್ಲ.

ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಓಡುವವರಿಗೂ ಒಂದು ಮಾತು. 1930 ಮೀಟರ್ ಎತ್ತರದ ಬೆಟ್ಟ ಹತ್ತುವುದು ಉಸಿರಿನ ಕೆಲಸ, ಇಳಿಯುವುದು ತೊಡೆಯ ಕೆಲಸ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಉದ್ದವಾಗುತ್ತಾ ಬ್ರೇಕ್ ಹಾಕುತ್ತದೆ, ನೋವು ಒಂದರಿಂದ ಮೂರು ದಿನದೊಳಗೆ ತುದಿಗೇರುತ್ತದೆ. ಹೆಜ್ಜೆಯ ಸಂಖ್ಯೆಯನ್ನು ನಿಮಿಷಕ್ಕೆ 5ರಿಂದ 10 ಪ್ರತಿಶತ ಹೆಚ್ಚಿಸಿ ಹೆಜ್ಜೆ ಚಿಕ್ಕದು ಮಾಡಿದರೆ ಮಂಡಿಯ ಹೊರೆ ಇಳಿಯುತ್ತದೆ. ಸ್ಪರ್ಧೆಗೆ ಎರಡು ಮೂರು ವಾರ ಮುಂಚೆ ಒಂದು ಮಿತವಾದ ಇಳಿಜಾರು ಓಟ ಮಾಡಿದ್ದರೆ ಸ್ನಾಯು ಒಗ್ಗಿಕೊಂಡಿರುತ್ತದೆ.

ಕಡೂರು ಕ್ರೀಸ್

ಅಭ್ಯಾಸದ ಹೊರೆಯ ಬಗ್ಗೆ ಯಾರೂ ಹೇಳಲಿಲ್ಲ. ಕ್ರಿಕೆಟ್‌ನಲ್ಲಿ ವೇಗದ ಬೌಲಿಂಗ್‌ಗೆ ಇಂಗ್ಲೆಂಡಿನ ಮಂಡಳಿ ವಯಸ್ಸಿಗೆ ತಕ್ಕ ಮಿತಿ ಹಾಕಿದೆ. 13ರವರೆಗೆ ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10. 14, 15ರವರಿಗೆ 6 ಮತ್ತು 12. ಬೆಳೆಯುವ ಬೆನ್ನೆಲುಬಿನ ಕೆಳಭಾಗದಲ್ಲಿ ಸಣ್ಣ ಬಿರುಕು ಬೀಳುವುದನ್ನು ತಡೆಯಲು ಈ ಮಿತಿ. ಹಾಸನ ಜಿಲ್ಲೆಯ ಜಾವಗಲ್ಲನ್ನು ಹೆಸರಿನಲ್ಲೇ ಹೊತ್ತ ಶ್ರೀನಾಥ್ 1997ರಲ್ಲಿ ಭುಜದ ರೊಟೇಟರ್ ಕಫ್ ಗಾಯದಿಂದ ತಿಂಗಳುಗಟ್ಟಲೆ ಹೊರಗುಳಿಯಬೇಕಾಯಿತು. ಅಂಥ ದೇಹವೇ ಸವೆಯುತ್ತದೆ ಎಂದ ಮೇಲೆ ಮಕ್ಕಳ ಮಾತೇನು?

ಕಬಡ್ಡಿಗೆ ಓವರ್ ಎಣಿಸಲಾಗದು. ಹೀಗೆ ಮಾಡಿ: ಅಭ್ಯಾಸ ಮುಗಿದು ಅರ್ಧ ಗಂಟೆಯಾದ ಮೇಲೆ 'ಎಷ್ಟು ಕಷ್ಟವಾಯಿತು, 10ಕ್ಕೆ ಎಷ್ಟು?' ಎಂದು ಕೇಳಿ. ನಿಮಿಷದಿಂದ ಗುಣಿಸಿ. 40 ನಿಮಿಷ, ಕಷ್ಟ 5 ಆದರೆ 200. ವಾರದ ಮೊತ್ತ ಬರೆದಿಡಿ. ಈ ವಾರ 900 ಇದ್ದು ಮುಂದಿನ ವಾರ 1500ಕ್ಕೆ ಹಾರಿದರೆ ಅದು ಎಚ್ಚರಿಕೆಯ ಗಂಟೆ. ಇಂತಿಷ್ಟೇ ಎಂಬ ಮಂತ್ರದ ಸಂಖ್ಯೆ ಇಲ್ಲ, ಏರಿಕೆ ಮೆಟ್ಟಿಲು ಮೆಟ್ಟಿಲಾಗಿರಬೇಕು. ಕೊನೆಯ ವಾರ ಅಭ್ಯಾಸದ ಪ್ರಮಾಣ ಅರ್ಧದಷ್ಟು ಇಳಿಸಿ, ವೇಗ ಇಳಿಸಬೇಡಿ.

ಇನ್ನೊಂದು: ಮಕ್ಕಳ ವಯಸ್ಸು ಎಷ್ಟು ವರ್ಷವೋ ವಾರಕ್ಕೆ ಅಷ್ಟು ಗಂಟೆಗಿಂತ ಹೆಚ್ಚು ಸಂಘಟಿತ ಅಭ್ಯಾಸ ಬೇಡ, ವರ್ಷವಿಡೀ ಒಂದೇ ಆಟವೂ ಬೇಡ. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ ಕ್ರಿಕೆಟ್‌ಗೂ ಮುಂಚೆ ಕರಾಟೆ ಕಲಿತವರು. ಬೇರೆ ಬೇರೆ ಆಟದಲ್ಲಿ ಕಲಿತ ಸಮತೋಲನ, ಬೀಳುವ ರೀತಿ ಎಲ್ಲ ಕಡೆ ಕೆಲಸಕ್ಕೆ ಬರುತ್ತದೆ.

ಹೇಮಾವತಿ ಫಿಸಿಯೋ

ಒಪ್ಪುತ್ತೇನೆ ಸರ್. ಮಂಡಿ ಚಿಪ್ಪಿನ ಕೆಳಗಿನ ಗುಬುಟಿನಲ್ಲಿ ಅಥವಾ ಹಿಮ್ಮಡಿಯ ಹಿಂದೆ ನೋವು ಎಂದು ಈ ವಯಸ್ಸಿನವರು ಹೇಳಿದರೆ ಬಹುತೇಕ ಅದು ಬೆಳೆಯುವ ಮೂಳೆಗೆ ಸ್ನಾಯುರಜ್ಜು ಎಳೆದದ್ದು. ಆಡುವಾಗ ನೋವು 10ಕ್ಕೆ 3 ದಾಟದೆ, ಮರುದಿನ ಬೆಳಿಗ್ಗೆಗೆ ಹೋಗಿದ್ದರೆ ಆಡಬಹುದು. ಕುಂಟಿದರೆ ನಿಲ್ಲಿಸಿ, ಮೊದಲು ನೆಗೆತ ಕಡಿಮೆ ಮಾಡಿ.

ನಿದ್ರೆ 8 ಗಂಟೆಗಿಂತ ಕಡಿಮೆ ಇರುವ ಹದಿಹರೆಯದ ಕ್ರೀಡಾಪಟುಗಳಲ್ಲಿ ಗಾಯದ ಸಂಭವ 1.7 ಪಟ್ಟು ಕಂಡಿದೆ. ಬೆಳಿಗ್ಗೆ ಬೇಗ ಕರೆಸುವ ಮುಂಚೆ ಯಾರ ಊರು ಎಷ್ಟು ದೂರ ಎಂದು ನೋಡಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಆಟಗಾರ್ತಿಯರು ತಪ್ಪಿಸದಿರಲಿ, ಊಟದ ನಂತರ ತೆಗೆದುಕೊಳ್ಳಲಿ, ಅದರ ಹಿಂದೆ ಮುಂದೆ ಒಂದು ಗಂಟೆ ಕಾಫಿ ಟೀ ಬೇಡ. ಅವು ಕಬ್ಬಿಣ ಹೀರದಂತೆ ತಡೆಯುತ್ತವೆ. ಮುಟ್ಟು ಮೂರು ತಿಂಗಳು ನಿಂತಿದ್ದರೆ ವೈದ್ಯರಿಗೆ ತೋರಿಸಬೇಕು. ಆಟಕ್ಕೆ ತಕ್ಕ ಊಟ ಸಿಗುತ್ತಿಲ್ಲ ಎಂಬ ಸೂಚನೆ ಅದಾಗಿರಬಹುದು, ಮೂಳೆಯೂ ಸೊರಗುತ್ತದೆ. ಈ ಮಾತು ಕೇಳಲು ನೀವು ಶಿಕ್ಷಕಿಯಾಗಿರುವುದು ಆ ಮಕ್ಕಳ ಭಾಗ್ಯ.

ಯಗಚಿ ತೀರ

ಧನ್ಯವಾದ. ಸೋಮವಾರದಿಂದ ಶುರು ಮಾಡುತ್ತೇನೆ. ಕೊನೆಯದು: ಕೂಟದ ದಿನ ಒಂದು ಪಂದ್ಯಕ್ಕೂ ಇನ್ನೊಂದಕ್ಕೂ ಎರಡು ಗಂಟೆ ಅಂತರವಿರುತ್ತದೆ. ಆಗ ಏನು?

ಅರಸೀಕೆರೆ ಅಂಕಣ

ಮುದ್ದೆ ಊಟವಾದರೆ ಪಂದ್ಯಕ್ಕೆ ಮೂರು ಗಂಟೆ ಮುಂಚೆಯೇ ಮುಗಿಯಲಿ. ನಡುವೆ ಬಾಳೆಹಣ್ಣು, ಕಡಲೆ ಚಿಕ್ಕಿ, ಉಪ್ಪು ಹಾಕಿದ ನಿಂಬೆ ಪಾನಕ. ನೆರಳಿನಲ್ಲಿ ಕೂರಿಸಿ, ಮಳೆಗೆ ನೆನೆದಿದ್ದರೆ ಬಟ್ಟೆ ಬದಲಿಸಿ. ಪಂದ್ಯಕ್ಕೆ 10 ನಿಮಿಷ ಇರುವಾಗ ಎಬ್ಬಿಸಿ: ಎರಡು ನಿಮಿಷ ಓಟ, ಬಸ್ಕಿ 10, ನಿಲುಗಡೆ 4 ಸಲ, ತಿರುವು 4 ಸಲ, ಎರಡು ಪೂರ್ಣ ವೇಗದ ಓಟ. ಬದಲಿ ಆಟಗಾರ್ತಿಯರನ್ನೂ ಸೇರಿಸಿ. ಅಂಕಣದ ಪಕ್ಕ ಅರ್ಧ ಗಂಟೆ ತಣ್ಣಗೆ ಕುಳಿತು ನೇರ ರೈಡ್‌ಗೆ ಇಳಿಯುವವರು ಅವರೇ.